ಬೇಸ್ ಬಾಕ್ಸಿನ ಜಾಗ

ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದ ನನ್ನ ಯಜಮಾನರಿಗೆ ಈಗ ಕಿವಿ ಒಂಚೂರೂ ಕೇಳಿಸುವುದಿಲ್ಲ. ತಬಲಾ ಎಂದರೆ ಅವರಿಗೆ ಜೀವ. ಸಬ್‌ವೂಫರ್ ಎಂಬ ಬೇಸ್ ಬಾಕ್ಸ್ ಇಟ್ಟರೆ ಅದರ ಪೆಟ್ಟು ಮೈಗಾದರೂ ತಾಕೀತೆಂದು, ಹೋದ ಮೇ ತಿಂಗಳಲ್ಲಿ ಬಳ್ಳಾರಿಯ ಅಂಗಡಿಯಿಂದ ಅದನ್ನು ಕೂರಿಸುವ ಹುಡುಗ ಗವಿಸಿದ್ದೇಶನನ್ನು ಕರೆಸಿದೆ.

"ಸಣ್ಣ ಖೋಲಿಗೆ ಹತ್ತಿಂಚಿಂದು ಸಾಕ್ರಿ ಅಮ್ಮಾ. ದೊಡ್ಡದಿಟ್ರ ಬರೇ ಗುಂಯ್ ಅಂತೈತಿ," ಎನ್ನುತ್ತ ಅವನು ಬಾಕ್ಸನ್ನು ಯಜಮಾನರ ಕುರ್ಚಿಯ ಮೇಲಿಟ್ಟ. ಅದು ಬಾರಿಸುವಾಗ ನಾವು ಗೋಡೆಗುಂಟ ಅಂಬೆಗಾಲಿಟ್ಟು ಹೋಗಬೇಕಂತೆ. ಪೆಟ್ಟು ಎಲ್ಲಿ ದುಂಡಗೆ ಕೇಳುತ್ತದೋ ಅಲ್ಲೇ ಬಾಕ್ಸಿನ ಜಾಗ. ನನ್ನ ಮೊಣಕಾಲಿಗೆಂದು ತನ್ನ ಟವೆಲ್ ಮಡಚಿ ಕೊಟ್ಟು ಹೊರಗೆ ಹೋದ.

ಪೆಟ್ಟು ಶುರುವಾಯಿತು. ನಾನು ತೆವಳಿದೆ. ಕಿಟಕಿಯ ಕೆಳಗೆ ಅದು ತುಂಬಿ ಕೇಳಿತು. ಮಟಮಟ ಮಧ್ಯಾಹ್ನದಲ್ಲೂ ಅಲ್ಲಿನ ಗೋಡೆ ನೀರಿನ ಹರವಿಯಂತೆ ತಣ್ಣಗಿತ್ತು.

"ಇಲ್ಲೇ ಐತಪ್ಪಾ!" ಎಂದು ಕೂಗಿದೆ.

ಅವನು ಬಾಗಿಲಿಗೆ ಬಂದ. ಕೈಯಲ್ಲಿ ವೈರ್ ಇತ್ತು. "ಏನ್ರಿ ಅಮ್ಮಾ? ಇನ್ನೂ ಹಚ್ಚೇ ಇಲ್ರಿ."

ಅಷ್ಟರಲ್ಲಿ ಯಜಮಾನರು ಬಂದು ಅದೇ ಗೋಡೆಗೆ ಅಂಗೈ ಇಟ್ಟರು. "ಲೇ ಸುನಂದಾ, ಕೇಳಾಕತ್ತೈತಿ!" ಎಂದು ನಕ್ಕರು. ಅವರು ಹಾಗೆ ನಕ್ಕು ಆರು ವರ್ಷವಾಗಿತ್ತು.

ವೈರ್ ಹಚ್ಚಿ ಬಾರಿಸಿದಾಗ ಅವರಿಗೆ ಏನೂ ತಾಕಲಿಲ್ಲ. ಬಾಕ್ಸನ್ನು ವಾಪಸ್ ಕಳಿಸಿದೆವು. ಅವರು ಮಾತ್ರ ದಿನವೂ ಆ ಗೋಡೆಗೆ ಕೈಯಿಟ್ಟು ಕೂರುತ್ತಾರೆ. ಆ ಸುಖವನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ನಿನ್ನೆ ಊಟಕ್ಕೆಂದು ಅವರ ಕೈ ಹಿಡಿದು ಎಬ್ಬಿಸಿದೆ. ಅಂಗೈ ತಣ್ಣಗಿತ್ತು. ಬೆರಳುಗಳು ನನ್ನ ಕೈಯೊಳಗೆ ತಾಳ ಹಾಕುತ್ತಲೇ ಇದ್ದವು. ಸಾಕು ಮಾಡಿ ಎಂದು ಸನ್ನೆ ಮಾಡಿದೆ.

"ತಾಳ ನಾ ಎಲ್ಲಿ ಹಾಕಾಕತ್ತೀನಿ?" ಎಂದರು.