ತೂತಲ್ಲ, ಗೂಡು

"ನೋಡಿ ಬರೆದಿದ್ದೋ, ಇಲ್ಲಾ ಮಲಗಿಕೊಂಡು ಬರೆದಿದ್ದೋ?"

ದನಿ ಮೇಲಿನಿಂದ ಬಂತು. ಅವಳು ಕತ್ತೆತ್ತಿದಳು.

ಹಳೆಯ ವಾಚನಾಲಯದ ಗೋಡೆಗೆ ಕಟ್ಟಿದ್ದ ಸಾರುವೆಯ ಹಲಗೆ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಗಾರೆ ಮೇಸ್ತ್ರಿ. ಅವನ ಕೈಯಲ್ಲಿ ಎರಡು ವಾರದ ಹಿಂದಿನ ಪತ್ರಿಕೆ. ಅದರಲ್ಲಿ ಫೋಟೋ ಸಮೇತ ಅವಳದೇ ಅಂಕಣ!

ಊರಿನ ಮರ, ಹಕ್ಕಿ, ಹಳೇ ಕಟ್ಟಡಗಳ ಬಗ್ಗೆ ಭಾನುವಾರ ಭಾನುವಾರ ಬರೆಯುತ್ತಿದ್ದಳು ಅವಳು. ವಾಚನಾಲಯದ ಗೋಡೆಯ ಮೇಲಿನ ಚೌಕ ತೂತುಗಳ ಸಾಲನ್ನು 'ಕಟ್ಟಿದವರ ಸೋಮಾರಿತನಕ್ಕೆ ಸಾಕ್ಷಿ' ಎಂದು ಹಳಿದಿದ್ದಳು. ಓದಿದ ಅಧಿಕಾರಿಗಳು ಅವನ್ನೆಲ್ಲ ಮುಚ್ಚಲು ಆದೇಶವನ್ನೇ ಹೊರಡಿಸಿದ್ದರು. ಅವಳಿಗೆ ಹೆಮ್ಮೆಯೋ ಹೆಮ್ಮೆ!

"ಪರವಾಗಿಲ್ಲ, ನಿಮಗೆ ಓದೋಕೂ ಬರುತ್ತೆ," ಎಂದಳು.

"ಬರುತ್ತೆ, ಅದಕ್ಕೇ ನಗು ಬರ್ತಿದೆ. ಅದು ತೂತಲ್ಲ ಪೇಪರಮ್ಮ, ಗೂಡು. ಕಟ್ಟೋವಾಗ ಸಾರುವೆಯ ಬೊಂಬು ಸಿಗಿಸೋಕೆ ಬಿಟ್ಟಿದ್ದು. ಮುಂದೆ ರಿಪೇರಿಗೆ ಹತ್ತೋರಿಗೂ ಬೇಕಾಗುತ್ತೆ ಅಂತ ಹಾಗೇ ಬಿಟ್ಟವ್ರೆ. ತಪ್ಪಾಯ್ತು ಅಂತ ಒಂದು ಸಾಲು ಬರೀರಿ, ಕೆಲಸ ನಿಲ್ಲುತ್ತೆ."

ಪೇಪರಮ್ಮ! ಗೋಡೆಗೆ ಗಾರೆ ಮೆತ್ತುವವನು ನನಗೆ ಪಾಠ ಹೇಳ್ತಾನಾ...?

"ನನ್ನ ಅಂಕಣದಲ್ಲಿ ಆ ಸಾಲು ಇದುವರೆಗೂ ಬಂದಿಲ್ಲ. ಬರೋದೂ ಇಲ್ಲ!"

ಆಮೇಲೆ ದಿನವೂ ಅದೇ ದಾರಿ, ಅದೇ ತಿರಸ್ಕಾರ. ಅವನೋ ಗಾರೆ ಕಲಸುತ್ತಿದ್ದ, ಬಾಂಡ್ಲಿ ಪಕ್ಕಕ್ಕಿಟ್ಟು ಆಕಾಶ ನೋಡುತ್ತಿದ್ದ. ಮೂರು ದಿನಕ್ಕೆ ಮುಚ್ಚಿದ್ದು ಎರಡೇ ಎರಡು.

"ಇವತ್ತೇನು ನೆಪ?"

"ಗಾರೆ ಹದಕ್ಕೆ ಬಂದಿಲ್ಲ."

"ನಿನ್ನೆ?"

"ಕರಣೆ ಮರೆತಿದ್ದೆ."

"ಮೈಗಳ್ಳತನಕ್ಕೂ ಒಂದು ಮಿತಿ ಬೇಡವೇನ್ರೀ!"

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಾ ನಕ್ಕಳು. "ಬೈದು ಬರೋಕೆ ಎರಡು ಸಲ ತಲೆ ಬಾಚ್ಕೊಂಡು ಹೋಗೋಳನ್ನ ನಿನ್ನೊಬ್ಬಳನ್ನೇ ಕಣೇ ನಾನು ನೋಡಿದ್ದು!"

"ಅಕ್ಕಾ! ಅವನ ಮುಖ ನೋಡಿದ್ರೆ ಮೈ ಉರಿಯುತ್ತೆ."

"ಹಾಗಾದ್ರೆ ನೋಡಬೇಡ."

ಅವಳು ಬಾಚಣಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಶನಿವಾರ ಅವನ ಮೇಲೊಂದು ದೂರು ಬರೆದುಕೊಂಡೇ ಬಂದಳು. ಮೇಸ್ತ್ರಿ ಇರಲಿಲ್ಲ. ಸರಿ, ಉಳಿದ ತೂತುಗಳನ್ನು ಎಣಿಸಿ ದೂರಿಗೆ ಸೇರಿಸೋಣವೆಂದು ತಾನೇ ಏಣಿ ಹತ್ತಿದಳು.

ಮುಚ್ಚಿದ ಎರಡರ ಕೆಳಗೆ ಸೀಮೆಸುಣ್ಣದಲ್ಲಿ 'ಖಾಲಿ' ಎಂದು ಬರೆದಿತ್ತು. ಮುಂದಿನದರ ಕೆಳಗೆ, 'ಇನ್ನೂ ಹಾರಿಲ್ಲ.'

ಒಳಗೆ ಇಣುಕಿದಳು. ಮೂರು ಗುಬ್ಬಿ ಮರಿಗಳು! ಅಮ್ಮನೇ ಬಂದಳೆಂದು ಹಳದಿ ಬಾಯಿ ತೆರೆದು ಕೂಗಿದವು.

ಪಕ್ಕದ್ದರ ಕೆಳಗೂ 'ಇನ್ನೂ ಹಾರಿಲ್ಲ.' ಅದರಾಚೆಯದರ ಕೆಳಗೂ...

"ಇಳೀರಿ, ಬಿದ್ದೀರಿ!" ಕೆಳಗೆ ಅವನು ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದ.

"ಮರಿಗಳಿವೆ ಅಂತ ಯಾಕೆ ಹೇಳಲಿಲ್ಲ?"

"ಮೊದಲ ದಿನವೇ ಹೇಳಿದ್ನಲ್ಲ... ಗೂಡು ಅಂತ."

ಅವಳ ಕಣ್ಣು ತುಂಬಿತು. ಇವನು ಮೈಗಳ್ಳನಲ್ಲ, ಮರಿಗಳಿಗಾಗಿ ದಿನ ದೂಡುತ್ತಿದ್ದಾನೆ! ಗೂಡು ಎಂದರೂ ಅರ್ಥವಾಗದ ನಾನು ಎಂಥ ಬರಹಗಾರ್ತಿ?

"ಇನ್ನು ದೂಡೋಕೆ ಆಗಲ್ಲ," ಎಂದ ಅವನು. "ಸೋಮವಾರ ಬೇರೆಯವರನ್ನ ಕಳಿಸ್ತಾರಂತೆ."

ದೂರನ್ನು ಹರಿದಳು. ಅದೇ ಹಲಗೆ ಮೇಲೆ ಕೂತು, ನಾಳೆಯ ಅಂಕಣ ಬರೆದಳು. ಮೊದಲ ಸಾಲು: 'ತಪ್ಪಾಯ್ತು.'

ಸೋಮವಾರ ಆದೇಶ ರದ್ದಾಯಿತು. ಅವಳು ಓಡೋಡಿ ಬಂದಾಗ ಅವನು ಸಾಮಾನು ಕಟ್ಟುತ್ತಿದ್ದ.

"ನನ್ನಿಂದ ನಿಮ್ಮ ಕೆಲಸ ಹೋಯ್ತು..."

"ಕೆಲಸ ಬಿಡಿ, ಇನ್ನೊಂದು ಸಿಗುತ್ತೆ." ಅವನು ಮುಖ ತಿರುಗಿಸಿದ. "ದಿನಾ ಬೈಸಿಕೊಂಡು ಅಭ್ಯಾಸ ಆಗ್ಬಿಟ್ಟಿದೆ ಪೇಪರಮ್ಮ. ನಾಳೆಯಿಂದ ಯಾರು ಬೈತಾರೆ?"

ಅವಳು ಅವನ ಜೇಬಿನ ಸೀಮೆಸುಣ್ಣ ತೆಗೆದು, ಬಾಂಡ್ಲಿಯ ಮೇಲೆ ಬರೆದಳು: 'ಇನ್ನೂ ಹಾರಿಲ್ಲ.'

"ಯಾರು?"

"ನಾನು."

"ಮತ್ತೆ... ಹಾರೋದು ಯಾವಾಗ?"

"ಅದೂ ಗೊತ್ತಾಗಲ್ವಾ ದಡ್ಡ ಮೇಸ್ತ್ರಿಗೆ? ಹಾರಲ್ಲ!"