ಪಸೆನುಂಗಿ ಮತ್ತು ಎರಡು ಸೇರು ರಾಗಿ

ಏಳು ಬೆಟ್ಟಗಳಾಚೆ, ಬಹಳ ಹಿಂದೆ, ಕೆಂಬಾರೆ ಅನ್ನುವ ರಾಜ್ಯವಿತ್ತು. ಅಲ್ಲಿಯ ಮೋಡಗಳನ್ನೆಲ್ಲ ಬಿಸಿಲಯ್ಯನೆಂಬ ಮಾಯಗಾರ ಒಂದು ಹರವಿಗೆ ತುಂಬಿ ಬಾಯಿ ಕಟ್ಟಿದ್ದ. ಅವನು ಸಾಕಿದ ಪಸೆನುಂಗಿ ಎಂಬ ಪ್ರಾಣಿ ಮಣ್ಣಿಗೆ ನಾಲಗೆ ಇಳಿಬಿಟ್ಟು ತೇವ ಹೀರುತ್ತಿತ್ತು. ರಾಜ್ಯದಲ್ಲಿ ಉಳಿದದ್ದು ಎರಡೇ ಸೇರು ಬಿತ್ತನೆ ರಾಗಿ. ಬೇಸಾಯದಲ್ಲಿ ಎತ್ತಿದ ಕೈ ಎಂದು ರಾಜ ಅದನ್ನು ದ್ಯಾವೀರಿಯೆಂಬ ಹುಡುಗಿಯ ಮಡಿಲಿಗೆ ಹಾಕಿದ.

“ಪಸೆನುಂಗಿ ಮೂರು ಸಲ ಬಂದ ಮೇಲೂ ದ್ಯಾವೀರಿಯ ಹೊಲ ಹಸಿರಾಗಿದ್ದರೆ ಹರವಿ ಬಿಚ್ಚಲಿ, ನಾನೂ ನನ್ನ ಪ್ರಾಣಿಯೂ ಧೂಳಾಗಿಹೋಗಲಿ,” ಎಂದು ಮಾಯಗಾರ ನಕ್ಕ. ಒಣಗಿತೋ, ಮತ್ತೆ ಬಿತ್ತಲು ಒಂದು ಕಾಳೂ ಇಲ್ಲ.

ದ್ಯಾವೀರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಆಗಲೇ ಬಿತ್ತಲು ಹೊರಟಳು. ಅವಳ ಅಜ್ಜಿ ಲಕ್ಕಜ್ಜಿ ತಡೆದಳು.

“ತಾಳೇ. ನೆನೆಸು, ನೆರಳಲ್ಲಿ ಒಣಗಿಸು. ಮತ್ತೆ ನೆನೆಸು, ಮತ್ತೆ ಒಣಗಿಸು. ಬಾಯಾರಿಕೆ ಏನೂಂತ ಬೀಜಕ್ಕೆ ಮೊದ್ಲೇ ಗೊತ್ತಾಗ್ಲಿ.”

ಹಾಗೇ ಮಾಡಿ ಬಿತ್ತಿದಳು. ಮೊಳಕೆ ಬಂತು. ಪಸೆನುಂಗಿಯೂ ಬಂತು, ಬೆರಳುದ್ದ ನಾಲಗೆ ಇಳಿಸಿತು.

“ಪೈರೇ ಪೈರೇ, ಬಾಯಾರಿತೇ?”

“ಇದು ನಮಗೆ ಹೊಸದಲ್ಲ,” ಅಂದವು ಪೈರು.

ಆಮೇಲೆ ಮಧ್ಯಾಹ್ನವಾದರೆ ಎಲೆ ಸುರುಳಿ ಸುತ್ತತೊಡಗಿದವು. ದ್ಯಾವೀರಿ ದಿನಕ್ಕೆ ಹತ್ತು ಸಲ ಕೊಡ ಎತ್ತಿಕೊಂಡು ಓಡುವಳು, ಅಜ್ಜಿ ಕಸಿದುಕೊಳ್ಳುವಳು.

“ಮೇಲೇ ನೀರು ಸಿಕ್ಕಿದ್ರೆ ಬೇರು ಕೆಳಕ್ಕೆ ಯಾಕೆ ಇಳೀತದೆ?”

ಆದರೂ ಮನಸ್ಸು ತಡೆಯದೆ ಒಂದು ಮೂಲೆಗೆ ಕದ್ದು ನೀರುಣಿಸಿದಳು. ಎರಡನೆಯ ಸಲ ಪಸೆನುಂಗಿ ಗೇಣುದ್ದ ನಾಲಗೆ ಇಳಿಸಿತು.

“ಪೈರೇ ಪೈರೇ, ಬಾಯಾರಿತೇ?”

“ನಿನ್ನ ನಾಲಗೆಗಿಂತ ನಾವು ಇನ್ನೂ ಕೆಳಗಿದ್ದೇವೆ,” ಅಂದವು ಪೈರು. ಆ ಮೂಲೆಯವು ಮಾತ್ರ ಮಾತಾಡಲಿಲ್ಲ, ಸುಟ್ಟುಹೋಗಿದ್ದವು. “ನಾನೇ ಕೊಂದೆನಲ್ಲ” ಎಂದು ದ್ಯಾವೀರಿ ಅತ್ತಳು.

ಮರುದಿನ ಅಜ್ಜಿ ಎತ್ತು ಹೂಡಿ ಭಾರದ ಕೊರಡು ಕಟ್ಟಿದಳು. “ಪೈರಿನ ಮೇಲೆ ಎಳಿ.”

“ಅಜ್ಜೀ, ನಿಂಗೆ ತಲೆ ನೆಟ್ಟಗಿದ್ಯಾ?”

“ಬಗ್ಗಿದ ಪೈರು ಬೇರು ಗಟ್ಟಿ ಮಾಡ್ಕೊಂಡು ಬುಡದಲ್ಲಿ ಮರಿಪೈರು, ತೆಂಡೆ ಒಡೀತದೆ. ಎಳೀ ಅಂದೆ.”

ಎಳೆದಳು. ಹೊಲವೆಲ್ಲ ನೆಲಕ್ಕೆ ಮಲಗಿತು. ರಾಜನ ಆಳುಗಳು ಬಾಯಿಗೆ ಬಂದಂತೆ ಬೈದರು. ಏಳು ದಿನ ಅವಳು ಬದುವಿನ ಮೇಲೆ ಹೋದಳು, ಬಂದಳು. ಎಂಟನೆಯ ದಿನ ಪೈರು ಎದ್ದವು. ಒಂದೊಂದು ಬುಡದಲ್ಲೂ ಐದಾರು ಹೊಸ ತೆಂಡೆ!

ಮೂರನೆಯ ಸಲ ಪಸೆನುಂಗಿ ಮೊಳದುದ್ದ ನಾಲಗೆ ಇಳಿಸಿತು.

“ಪೈರೇ ಪೈರೇ, ಬಾಯಾ...”

ಮುಂದೆ ಮಾತು ಹೊರಡಲಿಲ್ಲ. ಸಾವಿರ ಬೇರು ನಾಲಗೆಗೆ ಸುತ್ತಿಕೊಂಡಿದ್ದವು. ಬಿಡಿಸಲು ಓಡಿಬಂದ ಬಿಸಿಲಯ್ಯ ಬಾಲ ಹಿಡಿದು ಎಳೆದ, ಬೇರು ಬಿಡಲಿಲ್ಲ. ಹೊಲ ಹಸಿರಾಗಿಯೇ ಇತ್ತು, ಅವನ ಮಾತು ಅವನನ್ನೇ ಹಿಡಿಯಿತು. ಯಜಮಾನನೂ ಪ್ರಾಣಿಯೂ ಧೂಳಾಗಿ ಉದುರಿದರು. ಹರವಿಯ ಗಂಟು ತಾನೇ ಬಿಚ್ಚಿತು.

ಮೊದಲ ಮೋಡ ದ್ಯಾವೀರಿಯ ತಲೆಯ ಮೇಲೆ ನಿಂತಿತು. “ನಿನ್ನ ಹೊಲಕ್ಕೇ ಮೊದಲು ಸುರಿಯಲೇ ತಾಯಿ?”

“ಊರ ಕೆರೆಗಳಿಗೆ ಮೊದ್ಲು ಹೋಗಪ್ಪ,” ಅಂದಳು ದ್ಯಾವೀರಿ. “ನಮ್ಮವು ಇನ್ನೊಂದು ವಾರ ತಡೀತವೆ.”

ಸುಗ್ಗಿಯಲ್ಲಿ ಅವಳು ಮನೆಮನೆಗೂ ಬಿತ್ತನೆ ರಾಗಿ ಹಂಚಿದಳು. ಕೆಂಬಾರೆಯ ಜನ ಹೊಟ್ಟೆ ತುಂಬ ಉಂಡು, ನೂರು ವರ್ಷ ನಗುನಗುತ್ತಾ ಬಾಳಿದರು.