ಫಿಬ್ ತೊಟ್ಟ ಮದುವೆ ಅಂಗಿ

ಬಾಗಿಲಲ್ಲಿ ನಿಂತವನನ್ನು ಕಂಡು ತಲೂಸಳ ಕೈಯಿಂದ ನೂಲಿನ ಉಂಡೆ ಜಾರಿತು.

ಪಮೂನ್! ನಾಲ್ಕು ತಿಂಗಳ ಹಿಂದೆ ತಾನೇ ಕೈಯಾರೆ ಮಣ್ಣು ಮಾಡಿದ್ದ ತನ್ನ ಪಮೂನ್...

"ಶೋಕದ ಬಟ್ಟೆ ಯಾಕೆ? ಯಾರು ಹೋದ್ರು?" ಎಂದ ಅವನು. ಕೆನ್ನೆ ಬತ್ತಿಹೋಗಿತ್ತು.

"ನೀನೇ."

ಅವನಿಗೆ ಅರ್ಥವಾಗಲಿಲ್ಲ. ಹೇಗೆ ಆಗಬೇಕು ಹೇಳಿ? ಜ್ವರದ ಆ ಬೇಸಿಗೆಯಲ್ಲಿ ನೈಲ್ ನದಿಯ ದೋಣಿಯವರು, ದುಡಿಯಲು ಹೋಗಿದ್ದ ಊರ ಗಂಡಸರ ಹೆಣಗಳನ್ನು ಇಳಿಸಿ ಓಡಿಹೋಗಿದ್ದರು. ಮುಖ ಗುರುತು ಸಿಗುವಂತಿರಲಿಲ್ಲ. ಶ್ಮಿನ್ ಊರಿನ ಹೆಂಗಸರು ತಮ್ಮವರನ್ನು ಗುರುತಿಸಿದ್ದು ಅಂಗಿಯ ನೇಯ್ಗೆಯಿಂದಲೇ. ಒಂದು ಅಂಗಿಯ ಹೆಗಲ ಮೇಲೆ ದ್ರಾಕ್ಷಿ ತಿನ್ನುವ ಕೆಂಪು ಕಿವಿಯ ಮೊಲವಿತ್ತು. ಮದುವೆಗೆಂದು ತಲೂಸಳೇ ಪಮೂನನಿಗೆ ನೇಯ್ದುಕೊಟ್ಟ ಅಂಗಿ ಅದು. ಅವಳಿಗೆ ಇನ್ನೇನು ಸಾಕ್ಷಿ ಬೇಕಿತ್ತು?

"ನಾನು ಕೊಟ್ಟ ಅಂಗೀನ ಮಾರ್ಕೊಂಡ್ಯಾ?" ಹೆಣದ ಮೈಮೇಲೆ ಕಂಡಿದ್ದನ್ನು ಹೇಳಿ ಅವಳು ಕೇಳಿದಳು.

"ಫಿಬ್‌ಗೆ ತೊಡಿಸ್ದೆ. ದೋಣೀಲೇ ಪ್ರಾಣ ಬಿಟ್ಟ. ಮೈಮೇಲೆ ಹರಕು ಗೋಣಿ ಇತ್ತು ಅಷ್ಟೇ. ಲೋಕದ ಕೊನೇಲಿ ಸತ್ತವ್ರು ದೇವ್ರ ಮುಂದೆ ಎದ್ದು ಬರೋ ದಿನ ಅವನು ಗೋಣೀಲಿ ನಿಲ್ಬೇಕಾ ತಲೂಸ್? ಆಮೇಲೆ ನಂಗೂ ಜ್ವರ ಏರ್ತು. ದೋಣಿಯವ್ರು ದಾರೀಲೇ ಇಳಿಸಿ ಹೋದ್ರು. ಎದ್ದು ನಡೆಯೋಕೇ ಇಷ್ಟು ತಿಂಗಳು ಹಿಡೀತು."

ಅಯ್ಯೋ, ಫಿಬ್... ಪಕ್ಕದ ಮನೆಯ ತೆಕ್ಲಾಳ ಒಬ್ಬನೇ ಮಗ! ದಿನವೂ ತಲೂಸಳಿಗೆ ಬೇಳೆಗಂಜಿ ಕುಡಿಸಿ, ಸಮಾಧಾನ ಹೇಳಿ, ಮಗನಿಗಾಗಿ ಕಾಯಲು ದೋಣಿಕಟ್ಟೆಗೆ ಹೋಗುವ ಮುದುಕಿ. ಈಗಲೂ ಅಲ್ಲೇ ಕೂತಿದ್ದಾಳೆ.

ಪಮೂನ್ ಬದುಕಿದ್ದಾನೆ ಅಂದರೆ ಅವಳ ಮಗ ಸತ್ತಿದ್ದಾನೆ. ಒಂದು ಕ್ಷಣ ತಲೂಸಳಿಗೆ ಕೆಟ್ಟ ಆಸೆ ಹುಟ್ಟಿತು. ಇವನನ್ನು ಕರೆದುಕೊಂಡು ಎಲ್ಲಾದರೂ ಓಡಿಬಿಟ್ಟರೆ? ಮುದುಕಿ ಕಾಯುತ್ತಲೇ ಇರಲಿ...

"ನಾನೇ ಹೋಗಿ ಹೇಳ್ತೀನಿ. ನೀನು ಇಲ್ಲೇ ಇರು," ಎಂದ ಪಮೂನ್.

"ಹೆಣ ನಿಂದೇ ಅಂತ ಹೇಳ್ದವ್ಳು ನಾನು. ನಾನೂ ಬರ್ತೀನಿ."

ಅವಳು ಅವನ ಕೈ ಹಿಡಿದಳು. ಬೆಚ್ಚಗಿತ್ತು. ಆಗ ಅಳು ಒತ್ತರಿಸಿ ಬಂತು.

"ಇನ್ನು ನನ್ನ ಬಿಟ್ಟು ಹೋಗ್ತೀಯಾ?"

"ಎಲ್ಲೂ ಹೋಗಲ್ಲ ಕಣೇ."

ದೋಣಿಕಟ್ಟೆಯಲ್ಲಿ ತೆಕ್ಲಾ ಪಮೂನನನ್ನು ಕಂಡವಳೇ ಎದ್ದು ಅವನ ಮುಖ ಸವರಿದಳು. "ನೋಡಿದ್ಯಾ ಮಗಳೇ, ನಿನ್ನವನು ಬಂದೇಬಿಟ್ಟ. ಇನ್ನು ನನ್ನವನೂ ಬರ್ತಾನೆ."

ತಲೂಸ್ ಅವಳ ಕಾಲ ಬಳಿ ಕುಸಿದಳು. "ಅಮ್ಮಾ... ನಾನು ಮಣ್ಣು ಮಾಡಿದ್ದು ಫಿಬ್‌ನ."

ಮುದುಕಿ ಬಗ್ಗಿ ಅವಳನ್ನು ಎತ್ತಿ ನಿಲ್ಲಿಸಿದಳು. ಆಮೇಲೆ ತಲೂಸಳ ಕೈಯನ್ನು ಪಮೂನನ ಕೈಯಲ್ಲಿಟ್ಟಳು.

"ಅವತ್ತು ಮಣ್ಣು ಮಾಡೋವಾಗ ತುಂಬಾ ಅತ್ತಿದ್ದೆ ನೀನು," ಎಂದಳು. "ನನ್ನ ಮಗನಿಗೆ ಅಷ್ಟಾದ್ರೂ ಸಿಕ್ತು."